ಕಾಂಡ್ಲಾ ತೊಲೆಯ ಅಳತೆಯಲ್ಲಿ ಕಟ್ಟಿದ ಊರು

ಲಾಮುವಿನ ಹಳೆಯ ಕಲ್ಲುಮನೆಗಳ ಕೋಣೆಗಳಿಗೆ ಒಂದು ವಿಶಿಷ್ಟ ಆಕಾರವಿದೆ. ಉದ್ದ ಎಷ್ಟು ಬೇಕಾದರೂ ಇರಬಹುದು, ಅಗಲ ಮಾತ್ರ ಒಂಬತ್ತು-ಹತ್ತು ಅಡಿಯ ಆಚೆ ಹೋಗುವುದಿಲ್ಲ. ಹಡಗುಗಟ್ಟಲೆ ಸರಕು ಸಾಗಿಸುತ್ತಿದ್ದ ವರ್ತಕನ ಮನೆಯಾದರೂ ಅಷ್ಟೇ, ಧರ್ಮಪಂಡಿತನ ಮನೆಯಾದರೂ ಅಷ್ಟೇ. ದುಡ್ಡಿನ ಕೊರತೆಯಿಂದ ಹೀಗಾದದ್ದಲ್ಲ. ಇದರ ಕಾರಣ ಊರ ಸುತ್ತ ಉಪ್ಪುನೀರಿನಲ್ಲಿ ಬೇರು ಬಿಟ್ಟು ನಿಂತಿದೆ. ಚಾವಣಿ ಹೊರುವ ತೊಲೆಗಳು ಕಾಂಡ್ಲಾ ಮರದವು. ಸ್ವಾಹಿಲಿ ಜನ ಅದನ್ನು ಬೊರಿತಿ ಎನ್ನುತ್ತಾರೆ. ಹುಳ ಹಿಡಿಯದ, ಕಬ್ಬಿಣದಂತೆ ಗಟ್ಟಿಯಾದ ಈ ಕೋಲು ಆ ಅಳತೆಗಿಂತ ಉದ್ದವಾದರೆ ಮೇಲಿನ ಹವಳದ ಕಲ್ಲು ಮತ್ತು ಸುಣ್ಣದ ಭಾರಕ್ಕೆ ಬಾಗುತ್ತದೆ. ಗೋಡೆಯಿಂದ ಗೋಡೆಗೆ ಎಷ್ಟು ದೂರವಿರಬೇಕೆಂದು ಮೇಸ್ತ್ರಿ ನೂಲು ಹಿಡಿಯುವ ಮೊದಲೇ ಮರ ತೀರ್ಮಾನಿಸಿರುತ್ತದೆ.

ಕೀನ್ಯಾದ ಉತ್ತರ ಕರಾವಳಿಯಲ್ಲಿ, ಸಮಭಾಜಕ ರೇಖೆಗೆ ಸುಮಾರು ಎರಡು ಡಿಗ್ರಿ ದಕ್ಷಿಣಕ್ಕೆ, ಲಾಮು, ಮಾಂಡಾ, ಪಾಟೆ ಮತ್ತು ಇನ್ನೂ ಹಲವು ಸಣ್ಣ ದ್ವೀಪಗಳು ಮುಖ್ಯನೆಲಕ್ಕೆ ಅಂಟಿಕೊಂಡಂತೆ ಚದುರಿವೆ. ಅವುಗಳ ನಡುವೆ ಹಿನ್ನೀರಿನ ಕಾಲುವೆಗಳು, ಕಾಲುವೆಗಳ ದಡದುದ್ದಕ್ಕೂ ಕಾಂಡ್ಲಾ. ಇಡೀ ದೇಶದ ಕಾಂಡ್ಲಾ ಕಾಡಿನಲ್ಲಿ ಅರ್ಧಕ್ಕಿಂತ ಹೆಚ್ಚಿನ ಪಾಲು ಈ ಒಂದು ಜಿಲ್ಲೆಯಲ್ಲೇ ಇದೆ. ಲಾಮು ಊರಿನಲ್ಲಿ ಏಳುನೂರು ವರ್ಷಗಳಿಗೂ ಹೆಚ್ಚು ಕಾಲದಿಂದ ಜನವಸತಿ ಕಡಿದಿಲ್ಲ. ಪೂರ್ವ ಆಫ್ರಿಕಾದ ಸ್ವಾಹಿಲಿ ಊರುಗಳಲ್ಲೇ ಅತಿ ಹಳೆಯದು, ಅತಿ ಚೆನ್ನಾಗಿ ಉಳಿದುಕೊಂಡದ್ದು ಎಂದು ಯುನೆಸ್ಕೊ 2001ರಲ್ಲಿ ಇದನ್ನು ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು. ಅಂದಿನಿಂದ ಕೆತ್ತನೆಯ ಬಾಗಿಲು, ಇಕ್ಕಟ್ಟಿನ ಓಣಿ, ಹೊರೆ ಹೊತ್ತ ಕತ್ತೆ, ಹಾಯಿ ಬಿಚ್ಚಿದ ದೋಣಿಗಳ ಚಿತ್ರಗಳು ಪ್ರವಾಸಿ ಪತ್ರಿಕೆಗಳಲ್ಲಿ ಮತ್ತೆ ಮತ್ತೆ ಕಾಣಿಸುತ್ತಿವೆ. ಚಿತ್ರಗಳು ಸುಳ್ಳಲ್ಲ. ಆದರೆ ಅವು ಬಾಗಿಲನ್ನು ಮನೆಯಿಂದ, ಮನೆಯನ್ನು ಮದುವೆಯಿಂದ, ದೋಣಿಯನ್ನು ಕಾಡಿನಿಂದ ಬಿಡಿಸಿ ತೋರಿಸುತ್ತವೆ. ಹಾಗೆ ಬಿಡಿಸಿದಾಗ ಲಾಮು ಅರ್ಥವಾಗುವುದಿಲ್ಲ, ಅದಕ್ಕೀಗ ಒದಗಿರುವ ಸಂಕಟವೂ ಅರ್ಥವಾಗುವುದಿಲ್ಲ.

ಊರನ್ನು ಬೆಳೆಸಿದ್ದು ಗಾಳಿ. ನವೆಂಬರಿನಿಂದ ಮಾರ್ಚಿನವರೆಗೆ ಈಶಾನ್ಯದಿಂದ ಬೀಸುವುದು ಕಸ್ಕಾಜಿ. ಅರಬ್ಬಿ ನೆಲದಿಂದ, ಗುಜರಾತಿನಿಂದ ಹಾಯಿಹಡಗುಗಳು ಖರ್ಜೂರ, ಬಟ್ಟೆ, ಪಿಂಗಾಣಿ ತುಂಬಿಕೊಂಡು ಈ ಗಾಳಿಯಲ್ಲಿ ಇಳಿದುಬರುತ್ತಿದ್ದವು. ಏಪ್ರಿಲ್ ಹೊತ್ತಿಗೆ ಗಾಳಿ ದಿಕ್ಕು ಬದಲಿಸಿ ಕುಸಿಯಾಗುತ್ತದೆ. ಆಗ ದಂತ, ಕಾಂಡ್ಲಾ ತೊಲೆ, ಆಮೆಚಿಪ್ಪು ಹೇರಿಕೊಂಡು ಹಡಗುಗಳು ಮರಳುತ್ತಿದ್ದವು. ಅಲ್ಲಿ ಕುಸಿ ಎನ್ನಿಸಿಕೊಂಡ ಗಾಳಿಯೇ ಸಮಭಾಜಕ ದಾಟಿ, ತಿರುವಿಕೊಂಡು, ಜೂನಿನಲ್ಲಿ ನಮ್ಮ ಕರಾವಳಿಗೆ ಮುಂಗಾರಾಗಿ ಬರುತ್ತದೆ. ಮರವಿಲ್ಲದ ಅರೇಬಿಯಾ ಮತ್ತು ಪರ್ಷಿಯಾ ಕೊಲ್ಲಿಯ ಊರುಗಳಲ್ಲೂ ಮನೆಗಳ ಚಾವಣಿಗೆ ಇದೇ ಪೂರ್ವ ಆಫ್ರಿಕಾದ ತೊಲೆಗಳು ಹೋಗುತ್ತಿದ್ದವು. ಅಲ್ಲಿನ ಹಳೆಯ ಕೋಣೆಗಳೂ ಕಾಂಡ್ಲಾದ ಅಳತೆಗೇ ಕಟ್ಟಿದವು. ಕೀನ್ಯಾ ಸರ್ಕಾರ 1982ರಲ್ಲಿ ತೊಲೆಗಳ ರಫ್ತನ್ನು ನಿಷೇಧಿಸುವ ತನಕ ಈ ವ್ಯಾಪಾರ ನಡೆದೇ ಇತ್ತು.

ಮನೆಯ ಉಳಿದ ಸಾಮಗ್ರಿಯೂ ಕಡಲಿನದೇ. ಗೋಡೆಗೆ ಬಳಸುವುದು ನೆಲದಡಿ ಗಟ್ಟಿಯಾದ ಹಳೆಯ ಹವಳದ ಕಲ್ಲು. ಎದುರಿನ ಮಾಂಡಾ ದ್ವೀಪದಲ್ಲಿ ಅದನ್ನು ಇಂದಿಗೂ ಕೈಯಿಂದ ಕಡಿದು ತೆಗೆಯುವವರಿದ್ದಾರೆ. ಬಾಗಿಲ ಚೌಕಟ್ಟು, ಗೂಡುಗಳ ಅಂಚು ಮುಂತಾದ ನಾಜೂಕಿನ ಕೆಲಸಕ್ಕೆ ಹಿಂದೆ ನೀರಿನಡಿಯ ಜೀವಂತ ದಿಬ್ಬದಿಂದ ಮೆದು ಹವಳವನ್ನು ಕತ್ತರಿಸಿ ತರುತ್ತಿದ್ದರು. ಒದ್ದೆಯಿರುವಾಗಲೇ ಅದನ್ನು ಕೊರೆಯಬೇಕು, ಗಾಳಿಗೆ ಒಣಗಿದ ಮೇಲೆ ಅದು ಕಲ್ಲಾಗುತ್ತದೆ. ಸುಣ್ಣವೂ ಹವಳದ್ದೇ. ಮರದ ದಿಮ್ಮಿಗಳನ್ನು ದುಂಡಗೆ ಒಟ್ಟಿ, ಮೇಲೆ ಹವಳದ ತುಂಡುಗಳನ್ನು ಹರಡಿ ಬೆಂಕಿ ಇಡುತ್ತಾರೆ. ಸುಟ್ಟದ್ದನ್ನು ನೀರಿನಲ್ಲಿ ಅರಳಿಸಿ ತಿಂಗಳುಗಟ್ಟಲೆ ಮಾಗಲು ಬಿಡುತ್ತಾರೆ. ಚೆನ್ನಾಗಿ ಮಾಗಿದ ಸುಣ್ಣದ ಗಾರೆ ಹದಿನೆಂಟನೆಯ ಶತಮಾನದ ಗೋಡೆಗಳ ಮೇಲೆ ಇಂದಿಗೂ ನಯವಾಗಿ ಕೂತಿದೆ. ಅದರ ಮೇಲೆ ಸಿಮೆಂಟು ಬಳಿದರೆ ಗೋಡೆ ಉಸಿರಾಡುವುದಿಲ್ಲ, ಒಳಗಿನ ತೇವ ಹೊರಗೆ ಹೋಗಲಾರದೆ ಕಲ್ಲೇ ಉದುರತೊಡಗುತ್ತದೆ. ದುರಸ್ತಿಯ ಹೆಸರಿನಲ್ಲಿ ಮಾಡುವ ಸಿಮೆಂಟಿನ ಅವಸರ ಇಂಥ ಕಟ್ಟಡಗಳಿಗೆ ಮಳೆಗಿಂತ ಹೆಚ್ಚು ಹಾನಿ ಮಾಡುತ್ತದೆ.

ಈಗ ಮನೆಯ ಒಳಗೆ ಹೋಗೋಣ. ಓಣಿಯ ಕಡೆಗೆ ಇರುವುದು ದಾಕ. ನಮ್ಮ ಕಡೆಯ ಜಗಲಿಯಂತೆ ಎರಡೂ ಬದಿಗೆ ಕಲ್ಲಿನ ಕಟ್ಟೆಯಿರುವ ಪುಟ್ಟ ಮೊಗಸಾಲೆ. ಗಂಡಸರ ಹರಟೆ, ವ್ಯಾಪಾರದ ಮಾತು, ಪರಊರಿನವರ ಭೇಟಿ ಎಲ್ಲವೂ ಇಲ್ಲೇ ಮುಗಿಯಬೇಕು. ಬಾಗಿಲು ದಾಟಿದರೆ ತೆಕಾನಿ ಎಂಬ ನಡುಮನೆ. ದಾರಿ ಅಲ್ಲಿ ಬಾಗುತ್ತದೆ, ಹಾಗಾಗಿ ಬಾಗಿಲು ತೆರೆದಿದ್ದರೂ ಓಣಿಯಲ್ಲಿ ನಡೆಯುವವರಿಗೆ ಒಳಗಿನದು ಕಾಣುವುದಿಲ್ಲ. ಆಮೇಲೆ ಆಕಾಶಕ್ಕೆ ತೆರೆದ ಅಂಗಳ, ಕಿವಾಂಡ. ಅಂಗಳದಿಂದ ಒಳಕ್ಕೆ ಒಂದರ ಹಿಂದೊಂದು ಉದ್ದನೆಯ ಪಡಸಾಲೆಗಳು, ಒಂದೊಂದೂ ಹಿಂದಿನದಕ್ಕಿಂತ ಒಂದು ಮೆಟ್ಟಿಲು ಎತ್ತರ. ಕೊನೆಯದು ನ್ದಾನಿ, ಮನೆಯ ಒಡಲು. ಬೆಳಕು ಅಂಗಳದಲ್ಲಿ ಸುರಿದು ಪಡಸಾಲೆಯಿಂದ ಪಡಸಾಲೆಗೆ ತೆಳ್ಳಗಾಗುತ್ತಾ ನ್ದಾನಿಯನ್ನು ಮುಟ್ಟುವಷ್ಟರಲ್ಲಿ ಮಬ್ಬಾಗಿರುತ್ತದೆ. ಅಲ್ಲಿನ ಬಿಸಿಲನ್ನು ನೆನೆದರೆ ಈ ಮಬ್ಬು ದೊಡ್ಡ ಸುಖ. ಲಾಮುವಿನಿಂದ ಮೆಕ್ಕಾ ಹೆಚ್ಚುಕಡಿಮೆ ನೇರ ಉತ್ತರಕ್ಕಿದೆ, ಪಡಸಾಲೆಗಳೂ ಅಂಗಳಕ್ಕೆ ಮುಖಮಾಡಿ ಉತ್ತರಕ್ಕೇ ತೆರೆದುಕೊಳ್ಳುತ್ತವೆ. ಹೀಗೆ ಪ್ರಾರ್ಥನೆಯ ದಿಕ್ಕೂ ಕಸ್ಕಾಜಿಯ ತಂಪೂ ಒಂದೇ ಕಡೆಯಿಂದ ಒದಗುತ್ತವೆ.

ಒಳಗೋಡೆಯ ತುಂಬ ಸಾಲುಸಾಲಾಗಿ ಕೊರೆದ ಗೂಡುಗಳಿವೆ, ಅವಕ್ಕೆ ಜಿದಾಕ ಎಂದು ಹೆಸರು. ಕಮಾನಿನ ಅಂಚು, ಅಂಚಿನಲ್ಲಿ ಗಾರೆಯ ಬಳ್ಳಿ, ಒಳಗೆ ಚೀನಾದ ಪಿಂಗಾಣಿ ಬಟ್ಟಲು ಅಥವಾ ಕಟ್ಟಿಸಿದ ಹಸ್ತಪ್ರತಿ. ಇವು ಬರೀ ಸಿರಿವಂತಿಕೆಯ ಪ್ರದರ್ಶನವೆಂದು ಬಹಳ ಕಾಲ ತಿಳಿದಿದ್ದರು. ಲಾಮುವಿನ ಮನೆಗಳಲ್ಲಿ ಅಧ್ಯಯನ ಮಾಡಿದ ಪುರಾತತ್ತ್ವಜ್ಞೆ ಲಿಂಡಾ ಡಾನ್ಲಿ-ರೀಡ್ ಬೇರೆ ಕಾರಣವನ್ನು ಮುಂದಿಟ್ಟರು. ನ್ದಾನಿಯಲ್ಲೇ ಹೆರಿಗೆ, ಅಲ್ಲೇ ಮದುಮಗಳ ಮೊದಲ ರಾತ್ರಿ, ಹೆಣ ತೊಳೆಯುವುದೂ ಆ ಒಳಭಾಗದಲ್ಲೇ. ಹುಟ್ಟು ಸಾವುಗಳ ಈ ಮೈಲಿಗೆಯ ಜಾಗಕ್ಕೆ ಕೆಟ್ಟ ಕಣ್ಣು ತಾಗದಂತೆ ಅದನ್ನು ತಮ್ಮ ಮೇಲೆ ಹೀರಿಕೊಳ್ಳುವ ಕಾವಲು ಈ ಹೊಳೆಯುವ ಬಟ್ಟಲುಗಳು. ಈ ವಿವರಣೆ ನನಗೆ ಹಿಡಿಸುತ್ತದೆ, ಏಕೆಂದರೆ ಮನೆಯೊಳಗೆ ಅತಿ ಹೆಚ್ಚು ಅಲಂಕಾರವಿರುವುದು ಅತಿಥಿ ಕಾಣಲಾರದ ಕೋಣೆಯಲ್ಲಿ.

ಸ್ನಾನದ ಮನೆಯ ಒಂದು ವಿವರವನ್ನು ಬಿಟ್ಟು ಮುಂದೆ ಹೋಗಲು ಮನಸ್ಸಾಗುವುದಿಲ್ಲ. ಅಲ್ಲಿ ಬಿರಿಕ ಎಂಬ ಕಲ್ಲಿನ ನೀರುತೊಟ್ಟಿ ಇರುತ್ತದೆ. ಅದರ ತಳದಲ್ಲಿ ಒಂದು ಪಿಂಗಾಣಿ ಬಟ್ಟಲನ್ನು ಗಾರೆಯಲ್ಲಿ ಹೂಳಿರುತ್ತಾರೆ, ನೀರಿನಲ್ಲಿ ಪುಟ್ಟ ಮೀನುಗಳನ್ನು ಬಿಟ್ಟಿರುತ್ತಾರೆ. ಮೀನುಗಳು ಸೊಳ್ಳೆಯ ಮರಿಗಳನ್ನು ತಿಂದು ಮುಗಿಸುತ್ತವೆ. ತೊಟ್ಟಿ ಬರಿದಾಗುವಾಗ ಬಟ್ಟಲಿನಲ್ಲಿ ಉಳಿಯುವ ಒಂದಿಷ್ಟು ನೀರು ಆ ಮೀನುಗಳ ಜೀವ ಉಳಿಸುತ್ತದೆ. ಸಾಗರ ದಾಟಿ ಬಂದ ಬೆಲೆಬಾಳುವ ಬಟ್ಟಲನ್ನು ಮೀನಿಗಾಗಿ ತೊಟ್ಟಿಯ ತಳದಲ್ಲಿ ಹೂತ ಜನರ ವಿವೇಕಕ್ಕೆ ಗೌರವ ಸಲ್ಲಬೇಕು.

ಇಂಥ ಮನೆ ಯಾರದು? ಲಾಮುವಿನ ಕುಲೀನ ಕುಟುಂಬಗಳ ರೂಢಿಯಲ್ಲಿ ಅದು ಮಗಳದು. ಮಗಳ ಮದುವೆಗೆ ತಂದೆ ಮನೆ ಕಟ್ಟಿಕೊಡಬೇಕು, ಅಳಿಯ ಅಲ್ಲಿಗೆ ಬಂದು ಇರಬೇಕು. ಜಾಗ ಇಲ್ಲದಿದ್ದರೆ ತನ್ನ ಮನೆಯ ಮೇಲೆಯೇ ಇನ್ನೊಂದು ಅಂತಸ್ತು, ಪಕ್ಕದಲ್ಲಿ ಜಾಗ ಸಿಕ್ಕರೆ ಅಲ್ಲೊಂದು ಮನೆ. ನಡುವೆ ಓಣಿ ಅಡ್ಡ ಬಂದರೆ ಓಣಿಯ ಮೇಲೆ ಸೇತುವೆಯಂತೆ ಒಂದು ಕೋಣೆ, ಅದು ವಿಕಿಯೊ. ಅಕ್ಕತಂಗಿಯರು, ತಾಯಂದಿರು ಬೀದಿಗಿಳಿಯದೆ ಮಹಡಿಯಿಂದ ಮಹಡಿಗೆ ಓಡಾಡುತ್ತಿದ್ದರು. ಓಣಿಗಳ ಇಕ್ಕಟ್ಟು, ತಲೆಯ ಮೇಲೆ ಹಾದುಹೋಗುವ ಕೋಣೆಗಳು, ಎತ್ತರಕ್ಕೆ ಒತ್ತೊತ್ತಾಗಿ ಬೆಳೆದ ಗೋಡೆಗಳು, ಇವೆಲ್ಲ ಹೆಣ್ಣುಮಕ್ಕಳ ಮದುವೆಗಳು ತಲೆಮಾರಿನಿಂದ ತಲೆಮಾರಿಗೆ ಬರೆದ ನಕ್ಷೆ. ಪಾಟೆ ದ್ವೀಪದಲ್ಲಿ ಹುಟ್ಟಿದ ಮ್ವಾನಾ ಕುಪೋನಾ ಎಂಬ ಕವಯಿತ್ರಿ 1858ರಲ್ಲಿ ಕಾಯಿಲೆಯ ಹಾಸಿಗೆಯಿಂದ ತನ್ನ ಮಗಳಿಗೆ ಬಾಳುವೆಯ ಬುದ್ಧಿ ಹೇಳುವ ದೀರ್ಘಕಾವ್ಯ ರಚಿಸಿದಳು. ಸ್ವಾಹಿಲಿ ಸಾಹಿತ್ಯದ ಅತ್ಯಂತ ಪ್ರಸಿದ್ಧ ಕೃತಿಗಳಲ್ಲಿ ಅದೊಂದು. ಅದು ತಾಯಿ-ಮಗಳ ಮಾತಾಗಿರುವುದು ಈ ಮನೆಗಳನ್ನು ಬಲ್ಲವರಿಗೆ ಆಶ್ಚರ್ಯವೆನಿಸದು.

ಮದುವೆಯ ಸಡಗರದಲ್ಲಿ ಕುಶಲಕಲೆಗಳೆಲ್ಲ ಒಟ್ಟುಗೂಡುತ್ತವೆ. ಮದುಮಗಳ ಕೈಕಾಲಿಗೆ ಮದರಂಗಿ. ಗಂಡಸರ ಕಡೆ ಜುಮಾರಿ ಎಂಬ ಓಲಗದ ನಾದಕ್ಕೆ ಕೋಲು ಬೀಸುವ ಕಿರುಂಬಿಜಿ ಕುಣಿತ. ಗಣ್ಯರು ಕೂರಲು ಕರಿಮರದ ಚೌಕಟ್ಟಿಗೆ ದಂತ ಕೂರಿಸಿ, ಹತ್ತಿಯ ದಾರ ಹೆಣೆದ ಕಿತಿ ಚಾ ಎಂಜಿ, ಎಂದರೆ ಅಧಿಕಾರದ ಪೀಠ. ದೊಡ್ಡ ಮನೆತನವಾದರೆ ಸಿವಾ ಊದಿಸುತ್ತಿದ್ದರು. ಪಾಟೆಯ ಸಿವಾ ದಂತದ್ದು, ಆಳೆತ್ತರ ಮೀರುವ ಕೊಂಬು. ಲಾಮುವಿನದು ಹಿತ್ತಾಳೆಯದು, ಮೈತುಂಬ ಅಕ್ಷರ ಮತ್ತು ಬಳ್ಳಿಯ ಕೆತ್ತನೆ. ಊರಿನ ಮಾನವೇ ಆ ಕೊಂಬಿನಲ್ಲಿತ್ತು ಎನ್ನಬಹುದು. ಇಂದು ಅವು ವಸ್ತುಸಂಗ್ರಹಾಲಯದಲ್ಲಿವೆ. ಹೆಂಗಸರು ಉಡುವ ಕಾಂಗಾ ಬಟ್ಟೆಯ ಕೆಳಅಂಚಿನಲ್ಲಿ ಒಂದು ನುಡಿ ಅಚ್ಚಾಗಿರುತ್ತದೆ. ಬಾಯಿಬಿಟ್ಟು ಹೇಳಲಾಗದ ಪ್ರೀತಿ, ಮುನಿಸು, ಎಚ್ಚರಿಕೆಗಳನ್ನು ಸರಿಯಾದ ನುಡಿಯ ಕಾಂಗಾ ಉಟ್ಟೇ ತಿಳಿಸುವುದುಂಟು. ಈ ಕಾಂಗಾಗಳಲ್ಲಿ ದೊಡ್ಡ ಪಾಲು ಭಾರತದ ಗಿರಣಿಗಳಲ್ಲಿ ಅಚ್ಚಾಗಿ ಹೋಗುತ್ತದೆ. ಗಂಡಸರ ಕೋಫಿಯಾ ಟೋಪಿಯ ಸಣ್ಣ ಸಣ್ಣ ತೂತುಗಳ ಕಸೂತಿಯನ್ನು ಗಂಡಸರೂ ಕೂತು ಹೊಲಿಯುತ್ತಾರೆ. ಒಳ್ಳೆಯ ಟೋಪಿಗೆ ತಿಂಗಳುಗಳೇ ಹಿಡಿಯುತ್ತವೆ.

ಬಾಗಿಲಿನದು ಇನ್ನೊಂದು ಕಥೆ. ಎರಡು ಕದ, ನಡುವೆ ಕೆತ್ತನೆಯ ಕಂಬಪಟ್ಟಿ, ಮೇಲೆ ದ್ವಾರಪಟ್ಟಿ, ಸುತ್ತ ಸರಪಣಿಯಂತೆ ಸಾಗುವ ಅಂಚು. ತಾವರೆ, ಖರ್ಜೂರದ ಗರಿ, ಮೀನು, ಕೆಲವೊಮ್ಮೆ ಕುರಾನಿನ ವಾಕ್ಯ. ಹತ್ತೊಂಬತ್ತನೆಯ ಶತಮಾನದಲ್ಲಿ ಗುಜರಾತಿನ ವರ್ತಕರು, ಅದರಲ್ಲೂ ಬೋಹ್ರಾಗಳು, ಇಲ್ಲಿ ನೆಲೆಸಿ ಮುಖ್ಯಬೀದಿಯಲ್ಲಿ ಅಂಗಡಿಮನೆಗಳನ್ನು ಕಟ್ಟಿದರು. ಅವರೊಂದಿಗೆ ಚೌಕಚೌಕದ ಹಲಗೆ ಮತ್ತು ಹಿತ್ತಾಳೆ ಗುಬ್ಬಿಗಳ ಬಾಗಿಲಿನ ಶೈಲಿಯೂ ಈ ಕರಾವಳಿಯಲ್ಲಿ ಬೆಳೆಯಿತು. ಅದೇ ಶತಮಾನದ ಕೊನೆಯ ದಶಕಗಳಲ್ಲಿ ಬಾಸೆಲ್ ಮಿಶನ್ನಿನ ಮಂಗಳೂರು ಹೆಂಚೂ ಹಡಗೇರಿ ಪೂರ್ವ ಆಫ್ರಿಕಾದ ಬಂದರುಗಳಿಗೆ ಹೋಗತೊಡಗಿತು. ನೇತ್ರಾವತಿಯ ದಡದ ಜೇಡಿಮಣ್ಣು ಅಲ್ಲಿನ ಮಾಡುಗಳ ಮೇಲೆ ಕೂತಿತು.

ಈ ಸೊಬಗಿನ ಅಡಿಪಾಯದಲ್ಲಿ ಏನಿತ್ತು ಎಂಬುದನ್ನು ಹೇಳದೆ ಬಿಟ್ಟರೆ ಅನ್ಯಾಯವಾಗುತ್ತದೆ. ಮುಖ್ಯನೆಲದ ಹೊಲಗಳಲ್ಲಿ ದುಡಿದವರು, ಈ ಮನೆಗಳಿಗೆ ಕಲ್ಲು ಹೊತ್ತವರು ಗುಲಾಮರು. ಕುಲೀನ ಹೆಂಗಸರು ಹೊರಗೆ ಹೊರಡಬೇಕಾದರೆ ಶಿರಾ ಎಂಬ ಡೇರೆಯಂಥ ಬಟ್ಟೆಯನ್ನು ಕೋಲುಗಳ ಮೇಲೆ ಎತ್ತಿ ಹಿಡಿದು ಗುಲಾಮ ಹೆಂಗಸರು ಸುತ್ತ ನಡೆಯುತ್ತಿದ್ದರು. ಒಳಗಿನವಳ ಮರ್ಯಾದೆಯನ್ನು ಹೊರಗಿನವಳ ತೋಳು ಹೊರಬೇಕಿತ್ತು. ಕೀನ್ಯಾ ಕರಾವಳಿಯಲ್ಲಿ ಗುಲಾಮಗಿರಿ ಕಾನೂನಿನಿಂದ ರದ್ದಾದದ್ದು 1907ರಲ್ಲಿ. ಪೂರ್ವ ಆಫ್ರಿಕಾದ ಕರಾವಳಿಯಿಂದ ಹಡಗೇರಿಸಿದ ಜನರ ಸಂತತಿ ನಮ್ಮ ನಡುವೆಯೂ ಇದೆ. ಪೋರ್ಚುಗೀಸರ ಗೋವಾದಿಂದ ಪಾರಾಗಿ ಕಾಡು ಸೇರಿದವರ ಮಕ್ಕಳು, ಮೊಮ್ಮಕ್ಕಳು ಯಲ್ಲಾಪುರ, ಹಳಿಯಾಳ, ಮುಂಡಗೋಡದ ಸಿದ್ದಿಗಳು. ಸ್ವಾಹಿಲಿ ಕರಾವಳಿಯ ಬಗ್ಗೆ ಕನ್ನಡದಲ್ಲಿ ಬರೆಯುವಾಗ ಅವರನ್ನು ಮರೆಯುವುದು ಸಾಧ್ಯವಿಲ್ಲ.

ಲಾಮು ಊರೇ ಎರಡು ಪಾಲು. ಉತ್ತರದ ಮ್ಕೊಮಾನಿಯಲ್ಲಿ ಕುಲೀನರ ಕಲ್ಲುಮನೆಗಳು, ದಕ್ಷಿಣದ ಲಂಗೋನಿಯಲ್ಲಿ ಮಣ್ಣು ಗೋಡೆ, ತೆಂಗಿನ ಗರಿಯ ಮಾಡು, ಹೊರಗಿನಿಂದ ಬಂದವರು, ಬಿಡುಗಡೆಯಾದ ಗುಲಾಮರು. ಹತ್ತೊಂಬತ್ತನೆಯ ಶತಮಾನದ ಉತ್ತರಾರ್ಧದಲ್ಲಿ ಕೊಮೊರೊ ದ್ವೀಪಗಳಿಂದ ಬಂದ ಹಬೀಬ್ ಸ್ವಾಲೇ ಎಂಬ ಧರ್ಮಗುರು ಈ ಎರಡನೆಯ ಪಾಲಿನ ಜನರಿಗೆ ಓದು ಕಲಿಸಿದರು, ಅವರ ದಮ್ಮಡಿಗಳ ತಾಳವನ್ನು ಪ್ರವಾದಿಯ ಹುಟ್ಟುಹಬ್ಬದ ಆರಾಧನೆಯೊಳಕ್ಕೆ ಕರೆತಂದರು. ಕುಲೀನರಿಗೆ ಇದು ರುಚಿಸಲಿಲ್ಲ. ಆದರೆ ಹಬೀಬ್ ಸ್ವಾಲೇ ಲಂಗೋನಿಯಲ್ಲಿ ಸ್ಥಾಪಿಸಿದ ರಿಯಾಧಾ ಮಸೀದಿಯ ಮೌಲಿದಿ ಎಂಬ ಈ ಹುಟ್ಟುಹಬ್ಬವೇ ಇಂದು ಲಾಮುವಿನ ಅತಿ ದೊಡ್ಡ ಹಬ್ಬ. ಬಿಳಿಯ ನಿಲುವಂಗಿ ತೊಟ್ಟ ಗಂಡಸರು ಸಾಲಾಗಿ ಕೂತು ದಮ್ಮಡಿಯ ಪೆಟ್ಟಿಗೆ ಒಟ್ಟಿಗೆ ತೂಗುತ್ತಾರೆ, ಕರಾವಳಿಯುದ್ದಕ್ಕೂ ಇರುವ ಊರುಗಳಿಂದ ಜನ ಬರುತ್ತಾರೆ. ಜೊತೆಗೇ ಕತ್ತೆಗಳ ಓಟ, ಹಾಯಿದೋಣಿಗಳ ಪಂದ್ಯ. ಕತ್ತೆಯ ಓಟ ತಮಾಷೆಯಲ್ಲ, ಗೆದ್ದ ಹುಡುಗನಿಗೆ ವರ್ಷವಿಡೀ ಹೆಸರು. ಮರಳು, ಕಲ್ಲು, ಅಕ್ಕಿ, ಅನಿಲದ ಸಿಲಿಂಡರು ಎಲ್ಲವೂ ಸಾಗುವುದು ಕತ್ತೆಯ ಬೆನ್ನ ಮೇಲೆ. 1987ರಿಂದ ಅವಕ್ಕಾಗಿಯೇ ಊರಲ್ಲಿ ಒಂದು ಆಸ್ಪತ್ರೆಯಿದೆ. ಈಚಿನ ವರ್ಷಗಳಲ್ಲಿ ಬೈಕುಗಳೂ ದ್ವೀಪಕ್ಕೆ ಬಂದಿವೆ, ಎರಡು ಕತ್ತೆ ಎದುರುಬದುರಾದರೆ ಒಂದು ಹಿಂದೆ ಸರಿಯಬೇಕಾದ ಓಣಿಗಳಲ್ಲಿ ಅವುಗಳ ಹಾರ್ನ್ ಕೇಳಿಸುತ್ತಿದೆ.

ಊರ ನಡುವಿನ ಕೋಟೆಯ ಇತಿಹಾಸ ಚಿಕ್ಕದು. 1812ರ ಸುಮಾರಿಗೆ ಪಕ್ಕದ ಶೇಲಾ ದಡದಲ್ಲಿ ಪಾಟೆ ಮತ್ತು ಮೊಂಬಾಸಾದ ಸೇನೆಯನ್ನು ಲಾಮು ಸೋಲಿಸಿತು. ಸೇಡಿಗೆ ಹೆದರಿ ಒಮಾನಿನ ಆಸರೆ ಬೇಡಿತು. 1813ರಿಂದ 1821ರವರೆಗೆ ಕೋಟೆ ಎದ್ದಿತು. ಬ್ರಿಟಿಷರು ಅದನ್ನು ಸೆರೆಮನೆ ಮಾಡಿದರು, 1984ರವರೆಗೂ ಅದು ಸೆರೆಮನೆಯಾಗಿಯೇ ಇತ್ತು. ಈಗ ಅಲ್ಲಿ ವಸ್ತುಸಂಗ್ರಹಾಲಯ, ಮದುವೆ, ಸಭೆ.

ದೋಣಿಯ ಬಗ್ಗೆ ಮಾತ್ರ ಚಿಕ್ಕದಾಗಿ ಹೇಳಿ ಮುಗಿಸಲಾರೆ. ದ್ವೀಪದ ಪಶ್ಚಿಮಕ್ಕಿರುವ ಮಾತೊಂದೊನಿ ಹಳ್ಳಿ ದೋಣಿ ಕಟ್ಟುವವರದು. ನಕ್ಷೆ ಕಾಗದದಲ್ಲಿ ಇರುವುದಿಲ್ಲ, ಕಣ್ಣಲ್ಲಿರುತ್ತದೆ. ಕಾಂಡ್ಲಾದ ಸಹಜವಾಗಿ ಬಾಗಿದ ಕೊಂಬೆಗಳನ್ನೇ ಹುಡುಕಿ ದೋಣಿಯ ಪಕ್ಕೆಲುಬು ಮಾಡುತ್ತಾರೆ. ನೆಟ್ಟಗಿನದು ಮನೆಗೆ, ಡೊಂಕಾದದ್ದು ದೋಣಿಗೆ. ಹಲಗೆಗಳ ಸಂದಿಗೆ ಎಣ್ಣೆಯಲ್ಲಿ ಅದ್ದಿದ ಹತ್ತಿ ತುರುಕುತ್ತಾರೆ. ಇದಕ್ಕೂ ಹಿಂದೆ ಈ ದ್ವೀಪಗಳಲ್ಲಿ ಮ್ತೆಪೆ ಎಂಬ ಹಡಗಿತ್ತು. ಒಂದು ಮೊಳೆಯೂ ಇಲ್ಲದೆ, ಹಲಗೆಗೆ ಹಲಗೆಯನ್ನು ತೆಂಗಿನ ನಾರಿನ ಹುರಿಯಿಂದ ಹೊಲಿದು, ಚಾಪೆಯ ಹಾಯಿ ಕಟ್ಟಿ ನಡೆಸುತ್ತಿದ್ದ ಹಡಗು. ಮರಳ ದಿಣ್ಣೆಗೆ ತಾಗಿದರೆ ಒಡೆಯುವ ಬದಲು ಬಳುಕುತ್ತಿತ್ತು. ಇಪ್ಪತ್ತನೆಯ ಶತಮಾನದ ಮೊದಲ ದಶಕಗಳಲ್ಲಿ ಅದು ಕಡಲಿನಿಂದ ಮರೆಯಾಯಿತು. ಹೊಲಿಯುವ ಕೈಗಳು ಹೋದ ಮೇಲೆ ಉಳಿದದ್ದು ಮಾದರಿಗಳು, ಅಳತೆಗಳು.

ಮ್ತೆಪೆಯ ಅಂತ್ಯವನ್ನು ಓದಿದಾಗಲೆಲ್ಲ ಲಾಮುವಿನ ಮನೆಗಳ ನಾಳೆಯ ಬಗ್ಗೆ ಆತಂಕವಾಗುತ್ತದೆ. ಹತ್ತೊಂಬತ್ತನೆಯ ಶತಮಾನದ ಆರಂಭದಲ್ಲಿ ಸಯ್ಯದ್ ಅಬ್ದಲ್ಲಾ ರಚಿಸಿದ ಅಲ್-ಇನ್ಕಿಶಾಫಿ ಕಾವ್ಯ, ಒಂದು ಕಾಲಕ್ಕೆ ಲಾಮುವನ್ನು ಮೀರಿಸಿದ್ದ ಪಾಟೆಯ ಅರಮನೆಗಳು ಪಾಳುಬಿದ್ದು, ಪಿಂಗಾಣಿ ಇಟ್ಟ ಗೂಡುಗಳಲ್ಲಿ ಹಕ್ಕಿಗಳು ಗೂಡು ಕಟ್ಟಿದ್ದನ್ನು ಕಂಡು ಮರುಗುತ್ತದೆ. ಲಾಮುವಿನ ಮನೆಗಳು ಹಾಗೆ ಪಾಳು ಬೀಳುವ ಸಂಭವ ಕಡಿಮೆ. ಅವನ್ನು ಕೊಳ್ಳುವವರಿದ್ದಾರೆ. ಊರಿಗೂ ಶೇಲಾ ಹಳ್ಳಿಗೂ ಹೊರದೇಶದ ಹಣ ಬಂದು ಹಲವು ಮನೆಗಳು ಚೊಕ್ಕಟವಾಗಿ ದುರಸ್ತಿಯಾಗಿವೆ, ಕೆತ್ತನೆಗಾರರಿಗೆ ಕೆಲಸ ಸಿಕ್ಕಿದೆ. ಅದನ್ನು ಹಗುರವಾಗಿ ಕಾಣಲಾಗದು. ಆದರೆ ಮಗಳಿಗೆಂದು ಕಟ್ಟಿದ ಮನೆಯನ್ನು ಮಾರಿದ ಕುಟುಂಬ ಮತ್ತೆ ಅದೇ ಓಣಿಯಲ್ಲಿ ಮನೆ ಕೊಳ್ಳಲಾರದು. ವರ್ಷದಲ್ಲಿ ಕೆಲವೇ ವಾರ ಬಾಗಿಲು ತೆರೆಯುವ ಮನೆಯ ದಾಕದಲ್ಲಿ ಹರಟೆಗೆ ಕೂರುವವರು ಯಾರು? ಶೇಲಾದ ಹಿಂದಿನ ಮರಳದಿಬ್ಬಗಳು ಮಳೆನೀರನ್ನು ಇಂಗಿಸಿಕೊಂಡು ಇಡೀ ಊರಿನ ಬಾವಿಗಳಿಗೆ ಸಿಹಿನೀರು ಕೊಡುತ್ತವೆ, ಅವುಗಳ ಮೇಲೂ ಕಟ್ಟಡದ ಕಣ್ಣು ಬಿದ್ದಿದೆ. ಎದುರಿನ ಮಾಂಡಾದಲ್ಲಿದ್ದ ತಕ್ವಾ ಎಂಬ ಊರು ಹದಿನೇಳನೆಯ ಶತಮಾನದಲ್ಲಿ ಬರಿದಾಯಿತು, ಸಿಹಿನೀರು ಕೆಟ್ಟದ್ದೇ ಕಾರಣವೆನ್ನುತ್ತಾರೆ. ಅದರ ಜನ ದಾಟಿಬಂದದ್ದು ಶೇಲಾಕ್ಕೇ. ಇಂದಿಗೂ ಶೇಲಾದವರು ತಕ್ವಾದ ಹಳೆಯ ಗೋರಿಗೆ ಹೋಗಿ ಮಳೆಗಾಗಿ ಪ್ರಾರ್ಥಿಸುತ್ತಾರೆ.

ಇದರ ಮೇಲೆ ಬಂದದ್ದು ಬಂದರು. ದಕ್ಷಿಣ ಸುಡಾನ್ ಮತ್ತು ಇಥಿಯೋಪಿಯಾವನ್ನು ಕಡಲಿಗೆ ಜೋಡಿಸುವ ಲ್ಯಾಪ್ಸೆಟ್ ಎಂಬ ಬೃಹತ್ ಯೋಜನೆಯ ಅಂಗವಾಗಿ ಮಾಂಡಾ ಕೊಲ್ಲಿಯಲ್ಲಿ ಹೂಳೆತ್ತಿ, ಕಾಂಡ್ಲಾ ಕಡಿದು ಆಳದ ಬಂದರು ಕಟ್ಟಲಾಯಿತು. ಮೊದಲ ಧಕ್ಕೆ 2021ರ ಮೇ ತಿಂಗಳಲ್ಲಿ ಆರಂಭವಾಯಿತು. ಅದಕ್ಕೂ ಮುನ್ನ ಮೀನುಗಾರರು ನ್ಯಾಯಾಲಯಕ್ಕೆ ಹೋಗಿದ್ದರು. 2018ರಲ್ಲಿ ಕೀನ್ಯಾದ ಹೈಕೋರ್ಟು ಸುಮಾರು 4,600 ಮೀನುಗಾರರಿಗೆ 176 ಕೋಟಿ ಶಿಲ್ಲಿಂಗ್ ಪರಿಹಾರ ಕೊಡಬೇಕೆಂದು ಆದೇಶಿಸಿತು. ನನಗೆ ಹಣಕ್ಕಿಂತ ಮುಖ್ಯವೆನಿಸುವುದು ಆ ತೀರ್ಪಿನ ಇನ್ನೊಂದು ಭಾಗ. ಈ ಜನರ ಪಾರಂಪರಿಕ ಮೀನುಗಾರಿಕೆ, ಊರಿನ ಸಂಸ್ಕೃತಿ ಇವುಗಳ ಮೇಲಾಗುವ ಪರಿಣಾಮವನ್ನು ಯೋಜನೆ ಸರಿಯಾಗಿ ಪರಿಗಣಿಸಲಿಲ್ಲ, ಹಾಗಾಗಿ ಸಾಂಸ್ಕೃತಿಕ ಹಕ್ಕಿನ ಉಲ್ಲಂಘನೆಯಾಗಿದೆ ಎಂದು ನ್ಯಾಯಾಲಯ ಹೇಳಿತು. ಬಲೆ ಬೀಸುವುದನ್ನೂ ಪರಂಪರೆಯೆಂದು ಒಪ್ಪಿತು. ಮರುವರ್ಷದ ಜೂನಿನಲ್ಲಿ, ಹತ್ತಿರದಲ್ಲೇ ಬರಬೇಕಿದ್ದ 1,050 ಮೆಗಾವಾಟಿನ ಕಲ್ಲಿದ್ದಲು ಸ್ಥಾವರದ ಪರವಾನಗಿಯನ್ನು ಪರಿಸರ ನ್ಯಾಯಮಂಡಳಿ ರದ್ದುಪಡಿಸಿತು. ಜನರ ಅಭಿಪ್ರಾಯವನ್ನು ಸರಿಯಾಗಿ ಕೇಳಲಿಲ್ಲ ಎಂಬುದು ಒಂದು ಮುಖ್ಯ ಕಾರಣ. ಕೇಳುವಂತೆ ಮಾಡಿದ್ದು ಲಾಮುವಿನ ಜನರ ವರ್ಷಗಳ ಹೋರಾಟ.

ಕಾಡೂ ಹಿಂದಿನಂತಿಲ್ಲ, ದೋಣಿಗೆ ತಕ್ಕ ಮರ ಸಿಗುವುದು ಕಷ್ಟ, ಸಿಕ್ಕರೂ ದುಬಾರಿ. ಇನ್ನೊಂದೆಡೆ ಕಡಲು ಪ್ರತಿ ಉಬ್ಬರಕ್ಕೂ ಪ್ಲಾಸ್ಟಿಕ್ ತಂದು ದಡಕ್ಕೆ ಸುರಿಯುತ್ತದೆ. ಲಾಮುವಿನ ದೋಣಿ ಕುಶಲಿ ಅಲಿ ಸ್ಕಾಂಡಾ ಮತ್ತು ಸಂಗಡಿಗರು ಆ ಕಸವನ್ನು ಕರಗಿಸಿ ಹಲಗೆ, ಪಕ್ಕೆಲುಬು, ಅಡಿಮರಗಳನ್ನು ಮಾಡಿಸಿಕೊಂಡು, ಮರಕ್ಕೆ ಬಳಸುವ ವಿಧಾನದಲ್ಲೇ ಅವನ್ನು ಕೆತ್ತಿ ಜೋಡಿಸಿ ಹಾಯಿದೋಣಿಯೊಂದನ್ನು ಕಟ್ಟಿದರು. ಹೊರಮೈಗೆ ದಡದಲ್ಲಿ ಆಯ್ದ ಸುಮಾರು 30,000 ಹವಾಯಿ ಚಪ್ಪಲಿಗಳ ಬಣ್ಣಬಣ್ಣದ ಹೊದಿಕೆ. ಅದರ ಹೆಸರು ಫ್ಲಿಪ್‌ಫ್ಲಾಪಿ. 2019ರ ಆರಂಭದಲ್ಲಿ ಅದು ಕಸ್ಕಾಜಿ ಗಾಳಿ ಹಿಡಿದು, ದಾರಿಯ ಊರುಗಳಲ್ಲಿ ನಿಂತು ಶಾಲೆಯ ಮಕ್ಕಳಿಗೆ ಪ್ಲಾಸ್ಟಿಕ್ಕಿನ ಹಾವಳಿಯ ಬಗ್ಗೆ ಹೇಳುತ್ತಾ, ಸುಮಾರು 500 ಕಿಲೋಮೀಟರ್ ಸಾಗಿ ಜಾಂಜಿಬಾರ್ ತಲುಪಿತು. ಅದನ್ನು ಕಟ್ಟಲು ಬೇಕಾದ ವಿದ್ಯೆ ಯಾವ ಕಾಲೇಜಿನಿಂದಲೂ ಬಂದದ್ದಲ್ಲ, ಡೊಂಕು ಕೊಂಬೆಯನ್ನು ನೋಡಿದೊಡನೆ ಅದು ದೋಣಿಯ ಯಾವ ಭಾಗಕ್ಕೆ ಸರಿಹೊಂದುತ್ತದೆಂದು ಹೇಳಬಲ್ಲ ಅಪ್ಪಂದಿರಿಂದ ಬಂದದ್ದು.